ಉಳ್ಳಾಲದಲ್ಲಿ ಇಲ್ಲದ ಕಲ್ಲು

ದೊಡ್ಡಪ್ಪನನ್ನು ನಾನು ಕ್ಷಮಿಸಿಲ್ಲ. ಅವರು ತೀರಿಹೋಗಿ ಬಹಳ ಕಾಲವಾಯಿತು. ಅವರ ಮೇಲೆ ಸಿಟ್ಟಾಗಲು ಕಾರಣವಿದ್ದ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಈಗ ಆ ಸಿಟ್ಟಿಗೆ ವಾರಸುದಾರಳಾಗಿ ಉಳಿದವಳು ನಾನೊಬ್ಬಳೇ. ವಯಸ್ಸಾದಂತೆ ಮನಸ್ಸು ಮೆತ್ತಗಾಗುತ್ತದೆ ಎಂದು ನನ್ನ ಸೊಸೆ ಹೇಳುತ್ತಾಳೆ. ನನ್ನದು ಮೊಣಕಾಲು ಮಾತ್ರ ಮೆತ್ತಗಾಗಿದೆ. ಪುತ್ತೂರು ಪೇಟೆಯ ಆ ಮನೆಯನ್ನು ನೆನೆದರೆ ಈಗಲೂ ಮೊದಲು ಮೂಗಿಗೆ ಫೋಟೋ ತೊಳೆಯುವ ಹೈಪೋದ ವಾಸನೆ ಬರುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ, ಪ್ರೀತಿ ಬರುವುದು ಆಮೇಲೆ. ಅಪ್ಪ ಆ ಮನೆಯಲ್ಲಿದ್ದಾಗ ತೆಗೆದ ಸಾವಿರಾರು ಚಿತ್ರಗಳಲ್ಲಿ ಅವರು ತಮಗಾಗಿ ತೆಗೆದದ್ದು ಕಡಲಿನ ಚಿತ್ರಗಳನ್ನು ಮಾತ್ರ. ಅವುಗಳಲ್ಲಿ ಅತಿ ಒಳ್ಳೆಯದನ್ನು ದೊಡ್ಡಪ್ಪ ತಮ್ಮದೆಂದು ಹೇಳಿಕೊಂಡರು. ಅದನ್ನು ಹೇಗೆ ತೀರಿಸಿದೆವು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮನೆ ಎಂದರೂ ಅದು ಹೆಚ್ಚಾಗಿ ಸ್ಟುಡಿಯೋವೇ. ರಸ್ತೆಗೆ ಮುಖಮಾಡಿದ ದೊಡ್ಡ ಕೋಣೆಯ ಮಾಡಿಗೆ ಗಾಜಿನ ಹಂಚು ಹಾಕಿ ಬೆಳಕು ಬಿಟ್ಟಿದ್ದರು. ಅಲ್ಲಿ ಮೆಟ್ಟಿಲು, ಹೂಕುಂಡ ಬರೆದ ಒಂದು ಪರದೆ, ಕೈ ಊರಲು ಒಂದು ಎತ್ತರದ ಸ್ಟೂಲು, ಮಕ್ಕಳನ್ನು ನಗಿಸಲು ಒಂದು ತಗಡಿನ ಕೋಳಿ. ಅದರ ಹಿಂದಿನ ಕೋಣೆ ಒಂದು ಕಾಲದಲ್ಲಿ ಅಕ್ಕಿ, ತೆಂಗಿನಕಾಯಿ ಇಡುವ ಉಗ್ರಾಣವಾಗಿತ್ತಂತೆ. ದೊಡ್ಡಪ್ಪ ಅದರ ಕಿಟಕಿಗೆ ಹಲಗೆ ಹೊಡೆದು ಕತ್ತಲೆಕೋಣೆ ಮಾಡಿದ್ದರು. ಅದರ ಹಿಂದೆ ಅಡುಗೆಮನೆ, ಆಮೇಲೆ ಬಾವಿಕಟ್ಟೆ. ಅಡುಗೆಮನೆಯಿಂದ ಮುಂದಕ್ಕೆ ಬರಬೇಕಾದರೆ ಕತ್ತಲೆಕೋಣೆಯನ್ನು ದಾಟಲೇಬೇಕು, ಒಳಗೆ ಕೆಂಪು ದೀಪ ಉರಿಯುತ್ತಿದ್ದರೆ ದಾಟುವ ಹಾಗಿಲ್ಲ. ಅನ್ನ ಬೆಂದಿರಲಿ, ದೊಡ್ಡಪ್ಪನಿಗೆ ಹಸಿವೆಯಾಗಿರಲಿ, ಒಳಗಿನಿಂದ ಅಪ್ಪ "ಆಯ್ತು" ಎನ್ನುವವರೆಗೆ ಎಲ್ಲರೂ ಕಾಯಬೇಕಿತ್ತು. ಆ ಮನೆಯಲ್ಲಿ ಅಪ್ಪನ ಮಾತು ನಡೆಯುತ್ತಿದ್ದದ್ದು ಅದೊಂದು ಬಾಗಿಲಲ್ಲಿ ಮಾತ್ರ. ಉಳಿದದ್ದೆಲ್ಲ ದೊಡ್ಡಪ್ಪನದು. ಅವರು ಅಪ್ಪನ ಅಣ್ಣ, ಸ್ಟುಡಿಯೋದ ಯಜಮಾನರು, ಬೋರ್ಡಿನಲ್ಲಿದ್ದ ಹೆಸರು ಅವರದು. ಫೋಟೋ ತೆಗೆಯುವುದು, ತೊಳೆಯುವುದು, ಒಣಗಿಸುವುದು ಅಪ್ಪನ ಕೆಲಸ. ಬಂದವರನ್ನು ಕೂರಿಸಿ ಮಾತಾಡುವುದು, ಕ್ಯಾಮೆರಾದ ಕಪ್ಪು ಬಟ್ಟೆಯ ಒಳಗೆ ಒಮ್ಮೆ ತಲೆ ತೂರಿಸಿ "ಹ್ಞಾ, ಸರಿ ಉಂಟು" ಎನ್ನುವುದು ದೊಡ್ಡಪ್ಪನ ಕೆಲಸ.

ಅಮ್ಮನಿಗೂ ಸ್ಟುಡಿಯೋದಲ್ಲಿ ಕೆಲಸವಿತ್ತು, ಅದು ಹೊರಗಿನವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ಒಂದು ಇಳಿಜಾರು ಮೇಜು. ಅದರ ನಡುವೆ ಗಾಜು, ಗಾಜಿನ ಕೆಳಗೆ ಬೆಳಕು ಎತ್ತಿಕೊಡುವ ಕನ್ನಡಿ. ಅದರ ಮೇಲೆ ನೆಗೆಟಿವ್ ಇಟ್ಟು, ಮರಳುಕಾಗದದಲ್ಲಿ ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಅಮ್ಮ ಜನರ ಮುಖ ತಿದ್ದುತ್ತಿದ್ದಳು. ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಎಲ್ಲಕ್ಕಿಂತ ಹೆಚ್ಚು ಸಿಡುಬಿನ ಕಲೆ. ಆ ಕಾಲದಲ್ಲಿ ನಾಲ್ಕು ಮುಖ ಒಟ್ಟಾದರೆ ಒಂದರಲ್ಲಿ ಸಿಡುಬಿನ ಕಲೆ ಇರುತ್ತಿತ್ತು, ಅದರಲ್ಲಿ ನಾಚುವಂಥದ್ದು ಏನೂ ಇರಲಿಲ್ಲ. ಆದರೆ ದೊಡ್ಡಪ್ಪ ನಾಚುತ್ತಿದ್ದರು. ಅವರ ಎರಡು ಕೆನ್ನೆಯಲ್ಲೂ ಹಣೆಯಲ್ಲೂ ಕಲೆ ತುಂಬಿತ್ತು. ಸ್ಟುಡಿಯೋದ ಬಾಗಿಲಲ್ಲಿ ತೂಗುಹಾಕಿದ್ದ ಅವರ ದೊಡ್ಡ ಫೋಟೋದಲ್ಲಿ ಮಾತ್ರ ಅವರ ಮುಖ ಸುಲಿದ ಮೊಟ್ಟೆಯ ಹಾಗೆ ನುಣ್ಣಗಿತ್ತು. ಒಂದೊಂದೇ ಕಲೆಯನ್ನು ಅಮ್ಮ ಪೆನ್ಸಿಲಿನಲ್ಲಿ ತುಂಬಿದ್ದಳು, ಒಲೆಯ ಮೇಲೆ ಸಾರು ಕುದಿಯುತ್ತಿದ್ದಾಗ, ಮಡಿಲಲ್ಲಿ ನಾನು ಮಲಗಿದ್ದಾಗ.

ಇನ್ನೊಂದು ವಿದ್ಯೆಯೂ ಅಮ್ಮನಿಗಿತ್ತು. ಫೋಟೋದ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಹೆಸರು ಬರಬೇಕಾದರೆ ಅದನ್ನು ನೆಗೆಟಿವಿನ ಮೇಲೆ ಕಪ್ಪು ಮಸಿಯಲ್ಲಿ ತಿರುಗುಮುರುಗಾಗಿ, ಕನ್ನಡಿಯಲ್ಲಿ ಕಾಣುವ ಹಾಗೆ, ಬರೆಯಬೇಕು. ನೆಗೆಟಿವಿನಲ್ಲಿ ಮಸಿ ಹಚ್ಚಿದ್ದು ಕಾಗದದಲ್ಲಿ ಬೆಳ್ಳಗೆ ಬರುತ್ತದೆ, ಕೆರೆದು ತೆಗೆದದ್ದು ಕಪ್ಪಗೆ ಬರುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಕತೆ ಸುಲಭ. ಅಮ್ಮ ಕನ್ನಡವನ್ನು ತಿರುಗುಮುರುಗಾಗಿ ಬರೆಯುತ್ತಿದ್ದ ಚಂದ ನೋಡಿದರೆ ಅದೇ ಸರಿಯಾದ ಕನ್ನಡವೇನೋ ಎನಿಸುತ್ತಿತ್ತು. ಸ್ಲೇಟಿನಲ್ಲಿ ನನಗೂ ಕಲಿಸಿದ್ದಳು. ಶಾಲೆಯಲ್ಲಿ ಒಮ್ಮೆ ಹಾಗೆ ಬರೆದು ಮಾಸ್ತರರಿಂದ ಕಿವಿ ಹಿಂಡಿಸಿಕೊಂಡಿದ್ದೆ.

ಅಮ್ಮ ದೊಡ್ಡಪ್ಪನೊಡನೆ ಮಾತಾಡುತ್ತಿರಲಿಲ್ಲ. ಜಗಳದಿಂದಲ್ಲ, ನಮ್ಮ ಮನೆಯ ಪದ್ಧತಿ ಹಾಗೆ. ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ನೇರ ಮಾತಾಡಬಾರದು. ಹೇಳಬೇಕಾದ್ದನ್ನು ಮನೆಯ ಮಗುವಿಗೆ ಹೇಳಬೇಕು, ಮಗು ಅವರಿಗೆ ಹೇಳಬೇಕು. ಆ ಮಗು ನಾನು. ದೊಡ್ಡಪ್ಪ ಎದುರಿಗೇ ಮಣೆಯಲ್ಲಿ ಕುಳಿತು ಗಂಜಿ ಉಣ್ಣುತ್ತಿರುತ್ತಿದ್ದರು, ಅಮ್ಮ ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದಳು.

"ಮಗಾ, ದೊಡ್ಡಪ್ಪನತ್ರ ಕೇಳು, ಇನ್ನೂ ಸ್ವಲ್ಪ ಹಾಕುದಾ ಅಂತ."

"ದೊಡ್ಡಪ್ಪ, ಇನ್ನೂ ಸ್ವಲ್ಪ ಹಾಕುದಾ?"

"ಹಾಕಲಿಕ್ಕೆ ಹೇಳು. ಉಪ್ಪಿನಕಾಯಿ ಎಂತ, ಮುಗಿಯಿತಾ?"

ಅವರಿಬ್ಬರ ನಡುವೆ ಮೂರು ಮೊಳ ದೂರವೂ ಇರುತ್ತಿರಲಿಲ್ಲ. ಇಬ್ಬರಿಗೂ ಇಬ್ಬರ ಮಾತು ಸರಿಯಾಗಿ ಕೇಳುತ್ತಿತ್ತು. ಆದರೂ ಪ್ರತಿ ಮಾತೂ ನನ್ನ ಬಾಯಲ್ಲಿ ಒಮ್ಮೆ ಹೊರಳಿ ಹೋಗಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲವನ್ನೂ ಎರಡೆರಡು ಸಲ ಹೇಳಲಾಗುತ್ತಿತ್ತು. ದೊಡ್ಡಮ್ಮನೂ ಅವರ ಮಗನೂ ನನ್ನ ಈ ಉದ್ಯೋಗವನ್ನು ನೋಡಿ ನಗುತ್ತಿದ್ದರು. ನನಗೆ ಮಾತ್ರ ಅದರಲ್ಲಿ ಸ್ವಲ್ಪ ಗತ್ತು ಇತ್ತು.

ಸ್ಟುಡಿಯೋಕ್ಕೆ ಬೇಕಾದ, ನೆಗೆಟಿವ್ ಆಗುವ ಗಾಜಿನ ಪ್ಲೇಟು, ಕಾಗದ, ಔಷಧಿಗಳನ್ನು ತರಲು ಅಪ್ಪ ಆಗಾಗ ಮಂಗಳೂರಿಗೆ ಹೋಗುತ್ತಿದ್ದರು. ಸಾಮಾನು ಕೊಂಡಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಹೋಟೆಲಿಗೆ ಹೋಗುತ್ತಿದ್ದರು. ಅಪ್ಪ ಕ್ಯಾಮೆರಾದ ಪೆಟ್ಟಿಗೆ ಹೆಗಲಿಗೇರಿಸಿ, ದೋಣಿಯಲ್ಲಿ ಹೊಳೆ ದಾಟಿ ಉಳ್ಳಾಲದ ಕಡಲ ಬದಿಗೆ ಹೋಗುತ್ತಿದ್ದರು. ಅಲ್ಲಿ ಒಂದು ಬಾಗಿದ ತೆಂಗಿನ ಮರ ಇತ್ತಂತೆ. ಬುಡದಿಂದಲೇ ಸಮುದ್ರದ ಕಡೆ ವಾಲಿ, ಇನ್ನೇನು ನೀರು ಕುಡಿಯುತ್ತದೆ ಎನ್ನುವಾಗ ತಲೆ ಎತ್ತಿದ ಮರ. ಅಪ್ಪ ಯಾವಾಗಲೂ ಅದರ ಬಳಿಯೇ ಸ್ಟ್ಯಾಂಡು ಊರುವುದು. ಅದೇ ಮರ, ನಾವು ಹೊಯಿಗೆ ಎನ್ನುವ ಅದೇ ಮರಳು, ಅದೇ ನೀರು, ಆದರೆ ಒಂದು ಚಿತ್ರದ ಹಾಗೆ ಇನ್ನೊಂದಿಲ್ಲ. ಪುತ್ತೂರಿನಲ್ಲಿ ಹುಟ್ಟಿ ಬೆಳೆದ ನಾನು ಕಡಲನ್ನು ಮೊದಲು ನೋಡಿದ್ದು ಅಡುಗೆಮನೆಯ ಹಗ್ಗದಲ್ಲಿ, ಅಮ್ಮನ ಸೀರೆಯ ಪಕ್ಕದಲ್ಲಿ, ನೀರು ತೊಟ್ಟಿಕ್ಕುತ್ತಾ ಒಣಗುತ್ತಿದ್ದ ಕಾಗದದಲ್ಲಿ. ಇಂಥ ದಿನ ಅಪ್ಪನ ಮುಖ ಬೇರೆಯೇ ಇರುತ್ತಿತ್ತು. ಊಟಕ್ಕೆ ಕುಳಿತರೆ ಅನ್ನ ಕಲಸಿ ಕಲಸಿ ಹಾಗೇ ಬಿಡುತ್ತಿದ್ದರು. ದೊಡ್ಡಪ್ಪನಿಗೆ ಸಮುದ್ರ ಎಂದರೆ ಬಂಗುಡೆ ಮೀನು. ಅದು ಬರದಿದ್ದರೆ ಅವರಿಗೆ ಸಮುದ್ರದಿಂದ ಏನೂ ಬಂದ ಹಾಗಲ್ಲ.

"ಪುನಃ ನೀರಿನ ಫೋಟೋ ತೆಗೆದದ್ದಾ? ನೀರು ಬಾವಿಯಲ್ಲಿ ಇಲ್ವಾ ಮಾರಾಯ? ಒಂದು ಪ್ಲೇಟು ದಂಡ. ಆ ಪ್ಲೇಟಿನಲ್ಲಿ ಒಂದು ಮದಿಮಾಳನ್ನು ಕೂರಿಸ್ಬಹುದಿತ್ತು."

ಮದುಮಗಳನ್ನು ಕೂರಿಸುವ ಪ್ಲೇಟನ್ನು ಸಮುದ್ರಕ್ಕೆ ಹಾಕಿದ ತಪ್ಪಿಗೆ ಅಪ್ಪ ತಲೆ ತಗ್ಗಿಸಿ ನಗುತ್ತಿದ್ದರು. ಆ ನಗುವನ್ನು ಕಂಡರೆ ನನಗೆ ಅವರ ಮೇಲೂ ಸಿಟ್ಟು ಬರುತ್ತಿತ್ತು.

ಒಂದು ಸಲ ಒಂದು ಪ್ಲೇಟು ಬಂತು. ಮೋಡ ಒಡೆದು ಬೆಳಕು ನೀರಿನ ಮೇಲೆ ಬಿದ್ದ ಹೊತ್ತು, ತೆರೆ ಎದ್ದು ಇನ್ನೂ ಮಗುಚಿಲ್ಲ, ತೆಂಗಿನ ಗರಿಗಳೆಲ್ಲ ಒಂದೇ ಕಡೆ ಹಾರಿವೆ. ಕತ್ತಲೆಕೋಣೆಯಿಂದ ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಅಮ್ಮ ಒಲೆಯ ಬಳಿಯಿಂದ ಎದ್ದು, ಕೈ ಒರೆಸಿಕೊಂಡು, ಗಾಜನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮಸಿಯ ಕುಪ್ಪಿ ತೆಗೆದಳು. ಕೆಳಗೆ ಮೂಲೆಯಲ್ಲಿ, ನೀರು ಹೊಯಿಗೆಗೆ ಬಂದು ಮುಟ್ಟುವಲ್ಲಿ, ಸಣ್ಣಕ್ಕೆ ತಿರುಗುಮುರುಗಾಗಿ ಬರೆದಳು. ಶ್ರೀನಿವಾಸ. ಅದು ಅಪ್ಪನ ಹೆಸರು. ಅಲ್ಲಿಯವರೆಗೆ ಆ ಮನೆಯಿಂದ ಹೊರಗೆ ಹೋದ ಒಂದು ಚಿತ್ರದಲ್ಲೂ ಆ ಹೆಸರು ಇರಲಿಲ್ಲ.

"ಬೇಡ ಮಾರಾಯ್ತಿ, ಅಣ್ಣ ಎಂತ ಹೇಳ್ತಾರೋ," ಎಂದರು ಅಪ್ಪ.

"ನೀರಿನ ಫೋಟೋ ಅಲ್ವಾ? ಅವರಿಗೆ ಅದು ಬೇಡವೇ ಬೇಡ. ಬೇಡದ್ದರಲ್ಲಿ ನಿಮ್ಮ ಹೆಸರು ಇದ್ದರೆ ಯಾರಿಗೆ ತೊಂದರೆ?"

ತೊಂದರೆ ಬಂದದ್ದು ಹೀಗೆ. ಕಾಗದಕ್ಕೆ ಇಳಿಸಿ ಒಣಗಲು ಬಿಸಿಲಿಗೆ ಇಟ್ಟಿದ್ದ ಆ ಚಿತ್ರವನ್ನು ಕೋರ್ಟಿನ ಕಡೆಯಿಂದ ಫೋಟೋ ತೆಗೆಸಲು ಬಂದ ವಕೀಲರೊಬ್ಬರು ನೋಡಿ, ಇದನ್ನು ದೊಡ್ಡದು ಮಾಡಿ ಬಾಗಿಲಲ್ಲಿ ಹಾಕಿ, ಇಂಥ ಕೆಲಸ ಮಂಗಳೂರಿನಲ್ಲೂ ಇಲ್ಲ ಎಂದುಬಿಟ್ಟರು. ಆಮೇಲೆ ಕಣ್ಣು ಕಿರಿದು ಮಾಡಿ ಮೂಲೆಯ ಹೆಸರು ಓದಿ, ಶ್ರೀನಿವಾಸ ಯಾರು ಎಂದು ಕೇಳಿದರು. ದೊಡ್ಡಪ್ಪ ನಕ್ಕು, ಅದು ನಮ್ಮ ಹುಡುಗ, ಪ್ಲೇಟು ತೊಳೆಯುವವನು, ತಿಳಿಯದೆ ಬರೆದಿದ್ದಾನೆ, ತೆಗೆದದ್ದು ನಾನೇ ಎಂದರು. ಅಪ್ಪ ಅಲ್ಲೇ ಇದ್ದರು, ವಕೀಲರಿಗೆ ಚಹಾ ಹಿಡಿದುಕೊಂಡು. ನಾನೂ ಇದ್ದೆ, ಪರದೆಯ ಮರೆಯಲ್ಲಿ. ಲೋಟ ತಟ್ಟೆಗೆ ತಾಗಿ ಸಣ್ಣ ಶಬ್ದವಾಯಿತು, ಅಷ್ಟೇ.

ವಕೀಲರು ಹೋದ ಮೇಲೆ ದೊಡ್ಡಪ್ಪ ನೆಟ್ಟಗೆ ಅಡುಗೆಮನೆಗೆ ಬಂದು, ಮೇಜಿನಿಂದ ಪ್ಲೇಟನ್ನು ಎತ್ತಿ, ಕ್ಷೌರದ ಬ್ಲೇಡಿನಿಂದ ಅಪ್ಪನ ಹೆಸರನ್ನು ಕೆರೆದರು. ಸಾವಕಾಶ ಮಾಡುವ ಕೆಲಸ ಅದು, ಸಿಟ್ಟಿನಲ್ಲಿ ಮಾಡುವಂಥದ್ದಲ್ಲ. ಮಸಿಯ ಜೊತೆಗೆ ಕೆಳಗಿನ ಕಡಲೂ ಎದ್ದುಬಂತು. ಆಮೇಲೆ ಅವರು ನನ್ನನ್ನು ಕರೆದರು.

"ಅಮ್ಮನತ್ರ ಹೇಳು, ಇಲ್ಲಿ ನನ್ನ ಹೆಸರು ಬರೀಲಿಕ್ಕೆ. ಮಾಧವ, ಪುತ್ತೂರು. ಸ್ವಲ್ಪ ದೊಡ್ಡಕ್ಕೆ. ಈ ಗಾಯ ಕಾಣದ ಹಾಗೆ ಮಾಡ್ಲಿಕ್ಕೂ ಹೇಳು."

ಅಮ್ಮ ಎರಡು ಮೊಳದ ಆಚೆ ಕಾಯಿ ತುರಿಯುತ್ತಿದ್ದಳು. ನಾನು ಹೇಳಲಿಲ್ಲ. ಮೊದಲ ಸಲ ಆ ಮನೆಯಲ್ಲಿ ಒಂದು ಮಾತು ಎರಡು ಸಲ ಆಗಲಿಲ್ಲ. ದೊಡ್ಡಪ್ಪ ನನ್ನ ಕೆನ್ನೆಗೆ ಬಾರಿಸಿದರು. ಅಮ್ಮ ತುರಿಮಣೆಯಿಂದ ಎದ್ದು ಬಂದು, ನನ್ನನ್ನು ಹಿಂದಕ್ಕೆ ಸರಿಸಿ, ಪ್ಲೇಟನ್ನು ಅವರ ಕೈಯಿಂದ ತೆಗೆದುಕೊಂಡಳು. ಮಧ್ಯಾಹ್ನದ ಊಟಕ್ಕೆ ಅಣ್ಣತಮ್ಮಂದಿರು ಎಂದಿನಂತೆ ಅಕ್ಕಪಕ್ಕದ ಮಣೆಯಲ್ಲಿ ಕುಳಿತರು. ದೊಡ್ಡಪ್ಪ ಎರಡು ಸಲ ಅನ್ನ ಹಾಕಿಸಿಕೊಂಡು, "ಸ್ಟುಡಿಯೋ ಯಾರದ್ದು ಶೀನ? ಹೇಳು, ಯಾರದ್ದು?" ಎಂದು ಕೇಳಿದರು. ಅಪ್ಪ "ನಿಮ್ಮದೇ ಅಣ್ಣ" ಎಂದರು. ಆ ದಿನವೇ ನಾನು ನಿಶ್ಚಯಿಸಿದ್ದು, ಇವರನ್ನು ಒಂದು ದಿನ ನಾಲ್ಕು ಜನರ ಎದುರು ಹೀಗೇ ತಲೆ ತಗ್ಗಿಸಿ ನಿಲ್ಲಿಸಬೇಕೆಂದು. ಹೇಗೆಂದು ಗೊತ್ತಿರಲಿಲ್ಲ.

ಅಮ್ಮನಿಗೆ ಗೊತ್ತಿತ್ತು. ಊಟವಾದ ಮೇಲೆ ಅವಳು ಕಿಟಕಿಯ ಬಳಿ ಕುಳಿತಳು. ಕೆರೆದ ಗಾಯವನ್ನು ಪೆನ್ಸಿಲಿನಿಂದಲೋ ಬಣ್ಣದಿಂದಲೋ ತುಂಬಿ ನೀರಿನಲ್ಲಿ ನೀರಾಗಿ ಮಾಡಲು ಅವಳಿಗೆ ಒಂದು ಗಂಟೆ ಸಾಕಿತ್ತು. ದೊಡ್ಡಪ್ಪನ ಮುಖವನ್ನೇ ನುಣ್ಣಗೆ ಮಾಡಿದವಳಿಗೆ ಅದು ಯಾವ ಲೆಕ್ಕ? ಅವಳು ತುಂಬಲಿಲ್ಲ. ಬ್ಲೇಡಿನ ತುದಿಯಿಂದ ಗಾಯದ ಅಂಚನ್ನೇ ಇನ್ನಷ್ಟು ಕೆರೆದು, ಮೇಲೆ ಒಂದು ಬೆನ್ನು, ಬದಿಯಲ್ಲಿ ಒಂದು ಕೊರಕಲು ಮಾಡಿ, ಬುಡಕ್ಕೆ ಸಣ್ಣ ಮಸಿಯ ಗೆರೆ ಎಳೆದಳು. ಅಪ್ಪ ಕಾಗದಕ್ಕೆ ಇಳಿಸಿದಾಗ ಅಲ್ಲಿ ಒಂದು ಕರೀ ಬಂಡೆ ನಿಂತಿತ್ತು, ಅದರ ಬುಡದಲ್ಲಿ ಬಿಳಿ ನೊರೆ ಒಡೆಯುತ್ತಿತ್ತು. ಕೆಳಗೆ ದಪ್ಪ ಬಿಳಿ ಅಕ್ಷರದಲ್ಲಿ ಮಾಧವ, ಪುತ್ತೂರು.

"ಅಮ್ಮ, ಅಲ್ಲಿ ಕಲ್ಲು ಉಂಟಾ?"

"ಇರಲಿಲ್ಲ. ಈಗ ಉಂಟು."

"ದೊಡ್ಡಪ್ಪ ಬಯ್ತಾರೆ."

"ಅವರಿಗೆ ಎಂತ ಗೊತ್ತು? ಅವರು ಅಲ್ಲಿಗೆ ಹೋದವರಾ?"

ದೊಡ್ಡಪ್ಪನಿಗೆ ಕಲ್ಲು ಬಹಳ ಹಿಡಿಸಿತು. ಮೊದಲಿನಿಂದ ಇದ್ದದ್ದೇ, ಹೆಸರು ಬರೆದು ಮುಚ್ಚಿದ್ದರು ಎಂದು ಅವರು ತಿಳಿದರೋ, ಅಥವಾ ಅದನ್ನೂ ಯೋಚಿಸಲಿಲ್ಲವೋ, ನನಗೆ ಗೊತ್ತಿಲ್ಲ. ಚಿತ್ರವನ್ನು ಬಾಗಿಲಗಲ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ತಮ್ಮ ನುಣ್ಣನೆಯ ಫೋಟೋದ ಪಕ್ಕದಲ್ಲಿ ತೂಗುಹಾಕಿದರು. ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಕಲ್ಲನ್ನೇ. ಪುತ್ತೂರಿನ ಜನಕ್ಕೆ ನೀರು, ಮೋಡಗಳಿಗಿಂತ ಅದು ಕೈಗೆ ಸಿಗುವ ವಸ್ತುವಾಗಿತ್ತು. ದೊಡ್ಡಪ್ಪನ ಕತೆಯೂ ಬೆಳೆಯಿತು. ಮೊದಲು ಅವರು ಕಲ್ಲಿನ ಹತ್ತಿರ ನಿಂತಿದ್ದರು. ಸ್ವಲ್ಪ ಕಾಲದ ಮೇಲೆ ಕಲ್ಲಿಗೆ ಒರಗಿದ್ದರು. ನಾನು ಮೇಲಿನ ತರಗತಿಗೆ ಹೋಗುವಷ್ಟರಲ್ಲಿ ಅವರು ಕಲ್ಲನ್ನು ಹತ್ತಿದ್ದರು, ಸೊಂಟದವರೆಗೆ ತೆರೆ ಬಂದಿತ್ತು, ಮೀನು ಹಿಡಿಯುವ ಮೊಗವೀರರು ಹಗ್ಗ ಎಸೆದು ಎಳೆದಿದ್ದರು. ನಾನು ಅಡುಗೆಮನೆಗೆ ಓಡಿಬಂದು ಹೊಸ ಸುಳ್ಳನ್ನು ಅಮ್ಮನಿಗೆ ಒಪ್ಪಿಸುತ್ತಿದ್ದೆ. ಅಮ್ಮ ಪೆನ್ಸಿಲು ಚೂಪು ಮಾಡುತ್ತಾ ಕೇಳುತ್ತಿದ್ದಳು.

"ಹೇಳ್ಲಿ. ಇನ್ನೂ ಹೇಳ್ಲಿ. ಹತ್ತಿದಷ್ಟು ಒಳ್ಳೇದು."

ಬೆಳ್ಳಾರೆ ಕಡೆಯ ಒಬ್ಬ ಗೌಡರು ಹೊಸ ಮನೆಯ ಚಾವಡಿಗೆಂದು ಆ ಚಿತ್ರದ ಒಂದು ದೊಡ್ಡ ಪ್ರತಿ ಮಾಡಿಸಿಕೊಂಡಿದ್ದರು. ಮಾತು ಕಡಿಮೆ, ಎತ್ತರದ ಆಳು, ಕೈಯಲ್ಲಿ ಬೆತ್ತ. ಚಿತ್ರ ಚಾವಡಿಗೆ ಬಂದ ಮೇಲೆ ಅವರ ಹೆಂಡತಿಗೆ ಒಂದು ಆಸೆ ಹುಟ್ಟಿತು. ಎಳ್ಳಮಾವಾಸ್ಯೆಗೆ ಸಮುದ್ರಸ್ನಾನಕ್ಕೆ ಹೇಗೂ ಹೋಗುವುದುಂಟು, ಆ ಕಲ್ಲಿನ ಎದುರೇ ಮನೆಮಂದಿಯನ್ನೆಲ್ಲ ನಿಲ್ಲಿಸಿ ಒಂದು ಫೋಟೋ ತೆಗೆಸಬೇಕು, ತೆಗೆಯುವವರು ಆ ಚಿತ್ರ ತೆಗೆದವರೇ ಆಗಬೇಕು. ಗೌಡರು ಬಂದು ಕೇಳಿದಾಗ ದೊಡ್ಡಪ್ಪ ಸ್ವಲ್ಪ ತಡವರಿಸಿದ್ದು ನಿಜ. ಆದರೆ ನಾಲ್ಕು ಜನ ಕುಳಿತಿದ್ದರು, ಮೊಗವೀರರ ಹಗ್ಗದ ಕತೆ ಆಗಷ್ಟೇ ಮುಗಿದಿತ್ತು. ಒಪ್ಪದೆ ಉಪಾಯವಿರಲಿಲ್ಲ. ಭಾರ ಹೊರಲು ಅಪ್ಪ ಬೇಕೇ ಬೇಕು. ಗೌಡರ ಹೆಂಡತಿ, ನಿಮ್ಮ ಮನೆಯ ಹೆಂಗಸರೂ ಸ್ನಾನಕ್ಕೆ ಬರಲಿ, ಕಾರಿನಲ್ಲಿ ಜಾಗ ಉಂಟು ಎಂದರು. ದೊಡ್ಡಮ್ಮನಿಗೆ ಉಬ್ಬಸ, ಬರಲಿಲ್ಲ. ಅಮ್ಮ ಎಂದೂ ಎಲ್ಲಿಗೂ ಹೋಗುತ್ತೇನೆ ಎಂದವಳಲ್ಲ, ಆ ದಿನ ನನಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಕಾರನ್ನು ಹೊಳೆಯ ಬದಿಯಲ್ಲಿ ಬಿಟ್ಟು, ಡ್ರೈವರೂ ಸೇರಿ ಎಲ್ಲರೂ ದೋಣಿಯಲ್ಲಿ ದಾಟಿದೆವು. ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಕಡಲು ಮೊದಲು ಕೇಳಿತು, ಆಮೇಲೆ ಕಂಡಿತು. ಅದು ಬೂದು ಬಣ್ಣದ್ದಲ್ಲ ಎಂದು ನನಗೆ ಗೊತ್ತಾದದ್ದು ಆಗ. ಅಪ್ಪನನ್ನು ನೋಡಿದೆ. ತಲೆಯ ಮೇಲೆ ಪೆಟ್ಟಿಗೆ, ಹೆಗಲಲ್ಲಿ ಸ್ಟ್ಯಾಂಡು, ಆದರೂ ಅವರು ಉಳಿದವರಿಗಿಂತ ಬೇಗ ನಡೆಯುತ್ತಿದ್ದರು. ಬಾಗಿದ ತೆಂಗಿನ ಮರದ ಬಳಿ ಬಂದು, ಯಾರೂ ಹೇಳದೆ, ಸ್ಟ್ಯಾಂಡಿನ ಮೂರು ಕಾಲನ್ನು ಊರಿದರು. ಸ್ನಾನ ಮುಗಿಸಿದ ಗೌಡರ ಮನೆಯವರು ಒದ್ದೆ ತಲೆಯಲ್ಲಿ, ಹೊಸ ಬಟ್ಟೆಯಲ್ಲಿ ಒಟ್ಟಾದರು. ಬೆಳಗಿನ ಬಿಸಿಲು ನೇರ ಅವರ ಮುಖಕ್ಕೆ ಬೀಳುತ್ತಿತ್ತು, ಫೋಟೋಕ್ಕೆ ಒಳ್ಳೆಯ ಹೊತ್ತು. ಗೌಡರ ಹೆಂಡತಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಕಲ್ಲ್ ಎಲ್ಲಿ ಉಟ್ಟು?" ಎಂದು ತಮ್ಮ ಅರೆಭಾಷೆಯಲ್ಲಿ ಗಂಡನನ್ನು ಕೇಳಿದರು.

ಗೌಡರು ದೊಡ್ಡಪ್ಪನನ್ನು ನೋಡಿದರು. ದೊಡ್ಡಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು ಉದ್ದಕ್ಕೂ ನೋಡಿದರು. ಹೊಯಿಗೆ, ಹೊಯಿಗೆ, ಕಣ್ಣು ಹೋಗುವವರೆಗೆ ಬರೀ ಹೊಯಿಗೆ.

"ಈಗ ನೀರು ಹೆಚ್ಚು ಉಂಟು. ಮುಳುಗಿದೆ ಕಾಣ್ತದೆ. ಇಳಿದ ಮೇಲೆ ಕಾಣ್ಲಿಕ್ಕುಂಟು," ಎಂದರು.

ಗೌಡರು ಒಣಮೀನು ಹರಡುತ್ತಿದ್ದ ಹೆಂಗಸನ್ನು ಕರೆದು ಕೇಳಿದರು. ಅವಳು ಸೊಂಟಕ್ಕೆ ಕೈಕೊಟ್ಟು ನಕ್ಕಳು. "ಕಲ್ಲಾ? ಕಲ್ಲು ಬೇಕಾದ್ರೆ ಸೋಮೇಶ್ವರಕ್ಕೆ ಹೋಗಿ. ಇಲ್ಲಿ ಎಲ್ಲಿಯ ಕಲ್ಲು?"

"ಹ್ಞಾ, ಸೋಮೇಶ್ವರವೇ," ಎಂದರು ದೊಡ್ಡಪ್ಪ ಬೇಗ ಬೇಗ. "ನನಗೆ ಮರೆತಿತ್ತು ನೋಡಿ. ನಾನು ತೆಗೆದದ್ದು ಅಲ್ಲಿ."

ಗೌಡರು ಬೆತ್ತವನ್ನು ಎತ್ತಿ ಬಾಗಿದ ತೆಂಗಿನ ಮರಕ್ಕೆ ತೋರಿಸಿದರು. ಅವರ ಚಾವಡಿಯಲ್ಲಿ ಬೆಳಗೂ ಸಂಜೆಯೂ ನೋಡುತ್ತಿದ್ದ ಮರ. ಅದೇ ಬಾಗು, ಅದೇ ತಲೆ. ಆಮೇಲೆ ಬೆತ್ತದಿಂದ ಅಪ್ಪನನ್ನು ತೋರಿಸಿದರು.

"ನಾವು ಯಾರೂ ಹೇಳದೆ ಇವರು ಬಂದು ಇಲ್ಲೇ ನಿಂತದ್ದು ಹೇಗೆ?"

ಎಲ್ಲರೂ ಅಪ್ಪನ ಕಡೆ ತಿರುಗಿದರು. ನನ್ನ ಅಪ್ಪನನ್ನು ನಾನು ಬಲ್ಲೆ. ಅವರ ತುಟಿ ಅಲುಗಿತು, ಅಣ್ಣನನ್ನು ಉಳಿಸುವ ಮಾತೊಂದು ಅಲ್ಲಿಗೆ ಬಂದಿತ್ತು. ಅದು ಹೊರಗೆ ಬೀಳುವ ಮೊದಲು ಹಿಂದಿನಿಂದ ಅಮ್ಮನ ಸಣ್ಣ ದನಿ ಕೇಳಿತು. ತಲೆಗೆ ಸೆರಗು ಹೊದ್ದು, ನೆಲ ನೋಡುತ್ತಾ, ಪದ್ಧತಿಯನ್ನು ಒಂದಿಷ್ಟೂ ಬಿಡದೆ ಅವಳು ನನ್ನೊಡನೆ ಮಾತಾಡಿದಳು.

"ಮಗಾ, ದೊಡ್ಡಪ್ಪನತ್ರ ಹೇಳು, ಆ ಕಲ್ಲು ಸಮುದ್ರದಲ್ಲಿ ಇಲ್ಲ. ಅದನ್ನು ಮಾಡಿದ್ದು ನಾನು, ಅಡುಗೆಮನೆಯಲ್ಲಿ ಕೂತು. ಅದರ ಅಡಿಯಲ್ಲಿ ನಿನ್ನ ಅಪ್ಪನ ಹೆಸರು ಉಂಟು, ದೊಡ್ಡಪ್ಪ ಕೆರೆದದ್ದು."

ನಾನು ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಸ್ಪಷ್ಟವಾಗಿ ಯಾವ ಪದ್ಯವನ್ನೂ ಒಪ್ಪಿಸಿಲ್ಲ. ತೆರೆಯ ಸದ್ದಿಗಿಂತ ಮೇಲೆ, ಒಂದೊಂದೇ ಶಬ್ದ ಬಿಡಿಸಿ, ಗೌಡರಿಗೆ, ಅವರ ಹೆಂಡತಿ ಮಕ್ಕಳಿಗೆ, ಕಾರಿನ ಡ್ರೈವರಿಗೆ, ಒಣಮೀನಿನ ಹೆಂಗಸಿಗೆ ಕೇಳುವ ಹಾಗೆ, ದೊಡ್ಡಪ್ಪನ ಮುಖವನ್ನೇ ನೋಡುತ್ತಾ ಹೇಳಿದೆ. ಅಮ್ಮ ಹೇಳಿದಾಗ ಅವರ ಮುಖ ಕೆಂಪಾಗಿತ್ತು, ನಾನು ಹೇಳಿದಾಗ ಬೂದಿಯಾಯಿತು. ಕೆನ್ನೆಗೆ ಬಿದ್ದ ಪೆಟ್ಟು ಆ ದಿನ ಇಳಿಯಿತು. ಎಷ್ಟು ಸುಖವಾಯಿತೆಂದರೆ ಮೈಯೆಲ್ಲ ಹಗುರಾಗಿ, ನಗು ಬಂದು, ನಾನು ಕೈಯಿಂದ ಬಾಯಿ ಮುಚ್ಚಿಕೊಳ್ಳಬೇಕಾಯಿತು. ದೊಡ್ಡಪ್ಪ ತಲೆ ತಗ್ಗಿಸಿದರು. ಒಂದು ತೆರೆ ಬಂದು ಅವರ ಚಪ್ಪಲಿ ಒದ್ದೆಮಾಡಿ ಹೋಯಿತು.

ಗೌಡರು ಬಹಳ ಮರ್ಯಾದಸ್ಥರು. ಅಪ್ಪನ ಕಡೆ ತಿರುಗಿ, "ನೀವು ತೆಗೆಯಿರಿ," ಎಂದರು, ಅಷ್ಟೇ. ಅಪ್ಪ ಕಪ್ಪು ಬಟ್ಟೆಯ ಒಳಗೆ ತಲೆ ಹಾಕಿದರು, ಹೊರಗೆ ಬರಲು ಬಹಳ ಹೊತ್ತು ತೆಗೆದುಕೊಂಡರು. ಕಲ್ಲಿಲ್ಲದ ಕಡಲಿನ ಎದುರು ಆ ಮನೆಮಂದಿ ನಿಂತ ಚಿತ್ರ ಈಗಲೂ ಅವರ ಮನೆಯಲ್ಲಿದೆಯಂತೆ.

ಪುತ್ತೂರಿಗೆ ಬಂದ ಮೇಲೆ ಏನಾಯಿತು ಎಂಬುದನ್ನು ಬರೆಯಲು ನನಗೆ ಉತ್ಸಾಹವಿಲ್ಲ. ಪಾತ್ರೆ ಹಾರಿತು, ಮಾತು ಹಾರಿತು, ಎಲ್ಲ ನೇರವಾಗಿಯೇ ಹಾರಿತು, ನನ್ನ ಮಧ್ಯಸ್ಥಿಕೆ ಯಾರಿಗೂ ಬೇಕಾಗಲಿಲ್ಲ. ನಾವು ಆ ಮನೆ ಬಿಟ್ಟು ಸುಳ್ಯಕ್ಕೆ ಬಂದೆವು. ಗೌಡರೇ ಒಂದು ಅಂಗಡಿ ಕೋಣೆ ಕೊಡಿಸಿದರು. ಅಪ್ಪ ಅಮ್ಮನೊಡನೆ ಕೆಲವು ದಿನ ಮಾತು ಬಿಟ್ಟರು. ಅಣ್ಣನ ಮರ್ಯಾದೆಯನ್ನು ನೀರಿಗೆ ಹಾಕಿದೆ ಎಂದು ಅವರಿಗೆ ಸಿಟ್ಟು. ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಕತ್ತಲೆಕೋಣೆಯಿಂದ ಮೊದಲ ನೆಗೆಟಿವ್ ಹೊರಗೆ ಬಂದ ದಿನ ಅಪ್ಪ ಅದನ್ನು ಅಮ್ಮನ ಮೇಜಿನ ಮೇಲಿಟ್ಟು, ಮಸಿಯ ಕುಪ್ಪಿಯನ್ನು ಸ್ವಲ್ಪ ಅವಳ ಕಡೆ ಸರಿಸಿದರು. ಅವರ ಜಗಳ ಮುಗಿದದ್ದು ಹಾಗೆ.

ನಾನು ಸೀರೆ ಉಡುವ ವಯಸ್ಸಿಗೆ ಬಂದ ಮೇಲೆ ಒಂದು ಬೆಳಿಗ್ಗೆ ದೊಡ್ಡಪ್ಪ ಸುಳ್ಯದ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಮೈ ಇಳಿದುಹೋಗಿತ್ತು, ಕಪ್ಪು ಕೋಟು ಹೆಗಲಿನಲ್ಲಿ ಜೋಲುತ್ತಿತ್ತು. ಒಂದು ಒಳ್ಳೆಯ ಫೋಟೋ ಬೇಕು ಎಂದರು. ಪುತ್ತೂರಿನಲ್ಲಿ ಅವರದೇ ಸ್ಟುಡಿಯೋ ಇತ್ತು, ಮಗ ನಡೆಸುತ್ತಿದ್ದ. ಆದರೂ ಇಲ್ಲಿಗೇಕೆ ಬಂದರು ಎಂದು ನಮಗೆಲ್ಲ ಗೊತ್ತಿತ್ತು. ಅಲ್ಲಿ ಮುಖ ತಿದ್ದುವವರು ಯಾರೂ ಇರಲಿಲ್ಲ. ಅಪ್ಪ ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಕೋಟಿನ ಕಾಲರು ಸರಿಮಾಡಿ, ಬಹಳ ಪ್ರೀತ್ಯಾದರದಿಂದ ತೆಗೆದರು. ಹೋಗುವಾಗ ದೊಡ್ಡಪ್ಪ ಒಳಬಾಗಿಲ ಕಡೆ ಒಮ್ಮೆ ನೋಡಿ ನನಗೆ ಹೇಳಿದರು.

"ಅಮ್ಮನತ್ರ ಹೇಳು, ಮುಖ ಒಂದು ಸ್ವಲ್ಪ ಚಂದ ಮಾಡ್ಲಿಕ್ಕೆ. ಮೊದಲಿನ ಹಾಗೆ."

"ದೊಡ್ಡಪ್ಪನತ್ರ ಹೇಳು, ಕೇಳಿತು ಅಂತ," ಎಂದಳು ಅಮ್ಮ ಬಾಗಿಲ ಸಂದಿಯಿಂದ.

ಪ್ರತಿ ತೆಗೆದುಕೊಳ್ಳಲು ಅವರು ಬರಲಿಲ್ಲ. ಬಂದದ್ದು ಅವರ ಮಗ, ಸಾವಿನ ಸುದ್ದಿಯ ಬೆನ್ನಿಗೆ. ಉತ್ತರಕ್ರಿಯೆಗೆ, ಬೊಜ್ಜದ ದಿನ, ಇಡಲು ದೊಡ್ಡ ಫೋಟೋ ಬೇಕು, ತನ್ನ ಅಪ್ಪ ಕಡೆಗೆ ತೆಗೆಸಿದ್ದು ಇಲ್ಲಿಯಂತೆ ಎಂದ. ಪುತ್ತೂರಿನ ಹಳೆಯ ನುಣ್ಣನೆಯ ಫೋಟೋಗೆ ಗೆದ್ದಲು ಹಿಡಿದಿತ್ತು. ಸಂಜೆಯೊಳಗೆ ಕೊಡುತ್ತೇವೆ ಎಂದು ಅಪ್ಪ ಅವನನ್ನು ಹೋಟೆಲಿಗೆ ಕಳಿಸಿ, ಗೋಡೆಗೆ ತಿರುಗಿ ಅತ್ತರು. ನಾನು ನೆಗೆಟಿವನ್ನು ಅಮ್ಮನ ಮೇಜಿನ ಗಾಜಿನ ಮೇಲಿಟ್ಟೆ. ಅಮ್ಮ ಪೆನ್ಸಿಲನ್ನು ಮರಳುಕಾಗದದಲ್ಲಿ ಉಜ್ಜಿ ಚೂಪು ಮಾಡಿದಳು. ಬಗ್ಗಿ ಆ ಮುಖವನ್ನು ಒಂದೊಂದು ಕಲೆಯಾಗಿ ನೋಡಿದಳು. ಎಲ್ಲವೂ ಅವಳಿಗೆ ಪರಿಚಯದವೇ. ಆಮೇಲೆ ಪೆನ್ಸಿಲನ್ನು ಡಬ್ಬಿಗೆ ಹಾಕಿ, ಡಬ್ಬಿ ಮುಚ್ಚಿ, ಒಲೆಗೆ ನೀರಿಡಲು ಹೋದಳು. ನಾನು ಕುರ್ಚಿ ಎಳೆದು ಅವಳ ಜಾಗದಲ್ಲಿ ಕುಳಿತೆ. ಕೋಟಿನ ಕತ್ತಲೆ ಇದ್ದ ಕೆಳಗಿನ ಮೂಲೆಯಲ್ಲಿ, ಸ್ಲೇಟಿನಲ್ಲಿ ಕಲಿತ ಹಾಗೆ, ತಿರುಗುಮುರುಗಾಗಿ ಬರೆದೆ. ಶ್ರೀನಿವಾಸ, ಸುಳ್ಯ.

ಕೆಂಪು ದೀಪದ ಕೆಳಗೆ, ಅಪ್ಪ ಅಲುಗಿಸುತ್ತಿದ್ದ ಔಷಧಿಯ ತಟ್ಟೆಯಲ್ಲಿ ಅಣ್ಣನ ಮುಖ ಮೆಲ್ಲನೆ ಎದ್ದುಬಂತು, ಕಲೆಗಳೆಲ್ಲ ಅದರದರ ಜಾಗದಲ್ಲಿದ್ದವು. ಆಮೇಲೆ ಮೂಲೆಯಲ್ಲಿ ತಮ್ಮನ ಹೆಸರು ಬೆಳ್ಳಗೆ ಉಳಿಯಿತು. ಅಪ್ಪ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು.

"ಅಕ್ಷರ ಸ್ವಲ್ಪ ದಪ್ಪ ಆಯ್ತು," ಎಂದರು. "ಇರ್ಲಿ. ದೂರಕ್ಕೆ ಕಾಣ್ತದೆ."

ಆ ಫೋಟೋ ಇಂದಿಗೂ ಪುತ್ತೂರಿನ ಮನೆಯ ಚಾವಡಿಯಲ್ಲಿದೆ. ದೊಡ್ಡಪ್ಪನ ಮಗ ದಿನಾ ಅದರ ಕೆಳಗೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದ, ಈಗ ಅವನ ಮಗ ಮುಗಿಯುತ್ತಾನೆ. ನಾನು ವರ್ಷಕ್ಕೊಮ್ಮೆ ಅವರ ತಿಥಿಗೆ ತಪ್ಪದೆ ಹೋಗುತ್ತೇನೆ. ದೊಡ್ಡಪ್ಪನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಅಲ್ಲಿಯವರು ಹೇಳುತ್ತಾರೆ. ಹೂವಿನ ಮಾಲೆ ಒಮ್ಮೊಮ್ಮೆ ಜಾರಿ ಮೂಲೆಯನ್ನು ಮುಚ್ಚಿರುತ್ತದೆ. ಊಟಕ್ಕೆ ಎಲೆ ಹಾಕುವ ಮೊದಲು ನಾನು ಸ್ಟೂಲು ಹತ್ತಿ, ಈ ಮೊಣಕಾಲಿನಲ್ಲೂ ಹತ್ತಿ, ಮಾಲೆಯನ್ನು ಮೇಲಕ್ಕೆ ಸರಿಸಿ, ಅಪ್ಪನ ಹೆಸರು ಕಾಣುವ ಹಾಗೆ ಮಾಡಿ ಇಳಿಯುತ್ತೇನೆ.